ಏಡ್ಸ್, ಕ್ಷಯ, ಮಲೇರಿಯಾಕ್ಕೆ ಶ್ರೀಮಂತ ದೇಶಗಳು ಘೋಷಿಸುವ ದುಡ್ಡು ನಿಜಕ್ಕೂ ಬರುತ್ತದೆಯೇ? ನಮ್ಮ ಮಂಗನ ಕಾಯಿಲೆಗೆ ಅದರಲ್ಲಿ ಪಾಲು ಇದೆಯೇ?

ಬಹುಪಾಲು ಬರುತ್ತದೆ, ಆದರೆ ಘೋಷಿಸಿದ ದಿನವೇ ಅಲ್ಲ, ಘೋಷಿಸಿದಷ್ಟೂ ಅಲ್ಲ. ನಾನು ಅರ್ಥಶಾಸ್ತ್ರ ಓದಿದವನಲ್ಲ. ಸಾಗರದ ಹತ್ತಿರ ನಮ್ಮೂರ ದೇವಸ್ಥಾನದ ಜೀರ್ಣೋದ್ಧಾರ ಸಮಿತಿಗೆ ಆರು ವರ್ಷ ಖಜಾಂಚಿಯಾಗಿದ್ದೆ, ಅಷ್ಟೆ. ಮೊದಲ ಸಭೆಯಲ್ಲಿ ಮೈಕಿನಲ್ಲಿ ಹೆಸರು, ಮೊತ್ತ ಹೇಳಿಸಿಕೊಂಡವರ ಮನೆಗೆ ಆಮೇಲೆ ಹೋದರೆ "ಅಡಿಕೆ ಮಂಡಿಗೆ ಹೋಗ್ಲಿ ಮಾರಾಯ" ಎಂಬ ಉತ್ತರ. ಆ ಸಲ ಕೊಳೆ ರೋಗಕ್ಕೆ ಕಾಯೆಲ್ಲ ಉದುರಿತ್ತು, ಯಾರನ್ನು ಬೈಯುವುದು?

ಈ ಮೂರು ರೋಗಗಳಿಗೆಂದೇ ಇರುವ ಅಂತಾರಾಷ್ಟ್ರೀಯ ನಿಧಿ ಗ್ಲೋಬಲ್ ಫಂಡ್‌ನದೂ ಇದೇ ಲೆಕ್ಕ. 2002ರಲ್ಲಿ ಶುರುವಾದ ಈ ನಿಧಿ ಮೂರು ವರ್ಷಕ್ಕೊಮ್ಮೆ ದೇಶಗಳಿಂದ ಚಂದಾ ಎತ್ತುತ್ತದೆ. 2022ರಲ್ಲಿ 1800 ಕೋಟಿ ಡಾಲರ್ ಬೇಕೆಂದಿತ್ತು, ಸಿಕ್ಕ ಮಾತು 1570 ಕೋಟಿಗೆ. ಸಹಾಯ ಪಡೆಯುವ ನಾವೂ ಅದರಲ್ಲಿ 2.5 ಕೋಟಿ ಡಾಲರ್ ಬರೆಸಿದ್ದೇವೆ. 2025ರ ನವೆಂಬರಿನಲ್ಲಿ ಮತ್ತೆ 1800 ಕೋಟಿಯನ್ನೇ ಕೇಳಿದಾಗ ಸಿಕ್ಕಿದ್ದು 1134 ಕೋಟಿಯ ಮಾತು. ಅಮೆರಿಕ 600 ಕೋಟಿಯಿಂದ 460ಕ್ಕೆ ಇಳಿಯಿತು, ಬ್ರಿಟನ್ 100 ಕೋಟಿ ಪೌಂಡಿನಿಂದ 85ಕ್ಕೆ.

ಅಮೆರಿಕದ್ದೊಂದು ತಮಾಷೆಯ ಕರಾರಿದೆ: ಒಟ್ಟು ಚಂದಾದಲ್ಲಿ ತನ್ನ ಪಾಲು ಶೇ. 33 ದಾಟಕೂಡದು ಅಂತ ಅಲ್ಲಿನ ಕಾನೂನು. ಉಳಿದವರೆಲ್ಲ ಸೇರಿ ಎರಡು ರೂಪಾಯಿ ಹಾಕಿದರೆ ನನ್ನದೊಂದು ಅನ್ನುವ ಹಾಗೆ. ನಮ್ಮೂರಿನ ದೊಡ್ಡ ಹಿಡುವಳಿದಾರರೊಬ್ಬರು ಥೇಟ್ ಹೀಗೇ ಹೇಳಿದ್ದರು. ಅದರ ಮೇಲೆ, ನಾಯಕರು ಘೋಷಿಸಿದರೂ ದುಡ್ಡು ಬಿಡುಗಡೆಗೆ ಪ್ರತಿವರ್ಷ ಅಮೆರಿಕದ ಸಂಸತ್ತು ಒಪ್ಪಬೇಕು.

ಗುಡಿಯ ಕೆಲಸವಾದರೆ ಒಂದು ಮಳೆಗಾಲ ನಿಲ್ಲಿಸಬಹುದು. ನಾವು ನಿಲ್ಲಿಸಿದೆವು, ಅರ್ಧ ಕಟ್ಟಿದ ಗೋಡೆಗೆ ಪಾಚಿ ಹಿಡಿಯಿತು, ಅಷ್ಟೆ. ಕ್ಷಯದ ಮಾತ್ರೆ ಹಾಗಲ್ಲ. ಮಾಮೂಲಿ ಕ್ಷಯಕ್ಕೇ ಆರು ತಿಂಗಳು ಬಿಡದೆ ನುಂಗಬೇಕು. ನಡುವೆ ತಪ್ಪಿದರೆ ಔಷಧಕ್ಕೆ ಬಗ್ಗದ ಕ್ಷಯವಾಗಿ ತಿರುಗಬಹುದು. ಎಚ್‌ಐವಿ ಮಾತ್ರೆಯಂತೂ ಜೀವಮಾನದ್ದು. ಹೀಗಿರುವಾಗ, ಬರೆಸಿದ ದುಡ್ಡು ಹೊತ್ತಿಗೆ ಕೈಸೇರದೆ 2025ರ ಮಧ್ಯದಲ್ಲಿ ಆ ನಿಧಿ, ಮಂಜೂರಾಗಿ ನಡೆಯುತ್ತಿದ್ದ ಅನುದಾನಗಳಿಂದಲೇ 143 ಕೋಟಿ ಡಾಲರ್ ಕತ್ತರಿಸಿತು. ಪೇಪರಿನಲ್ಲಿ ದಪ್ಪಕ್ಷರದಲ್ಲಿ ಬರುವುದು ಬರೆಸಿದ ಮೊತ್ತ. ಗ್ಲೋಬಲ್ ಫಂಡ್ ತನ್ನ ಜಾಲತಾಣದಲ್ಲಿ ಬರೆಸಿದ್ದನ್ನೂ ಕೊಟ್ಟಿದ್ದನ್ನೂ ದೇಶವಾರು ಹಾಕುತ್ತದೆ, ನೋಡಿ.

ಇನ್ನು ಮಂಗನ ಕಾಯಿಲೆ. ನೀವು ತೀರ್ಥಹಳ್ಳಿಯವರು ಅಂತ ಬರೆದಿದ್ದೀರಿ, ಕೇಳಿದ್ದು ಸಹಜ. ಪಾಲಿಲ್ಲ. ಆ ನಿಧಿ ಇರುವುದು ನೀವು ಹೆಸರಿಸಿದ ಮೂರು ರೋಗಕ್ಕೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ನಮ್ಮದು ಪಶ್ಚಿಮ ಘಟ್ಟದ ಆಸುಪಾಸಿನ ಕಾಯಿಲೆ. ಖರ್ಚೆಲ್ಲ ಬೆಂಗಳೂರು, ದೆಹಲಿಯ ಬಜೆಟ್ಟಿನದು. ಹಳೇ ಲಸಿಕೆ ಸಾಲದೆಂದು ನಿಲ್ಲಿಸಿದ್ದಾರೆ, ಹೊಸದನ್ನು ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮಾಡಿಸುತ್ತಿದೆ. ಅಲ್ಲಿಯವರೆಗೆ ದರಗು (ಒಣ ಎಲೆ) ತರಲು ಕಾಡಿಗೆ ಹೋಗುವ ಮುಂಚೆ ಆಶಾ ಕಾರ್ಯಕರ್ತೆಯರು ಕೊಡುವ, ಉಣುಗು ದೂರವಿಡುವ ಡೇಪಾ ತೈಲ ಕೈಕಾಲಿಗೆ ಹಚ್ಚಿಕೊಳ್ಳಿ, ಬಂದಮೇಲೆ ಬಿಸಿನೀರು ಮಿಂದು, ಈ ಕಾಯಿಲೆ ಹರಡುವ ಉಣುಗು ಹತ್ತಿದೆಯಾ ನೋಡಿಕೊಳ್ಳಿ.