ನಿಮ್ಮ ನ್ಯಾನೋಟ್ಯೂಬ್ ಲೇಖನದ ಬಗ್ಗೆ

ನಮಸ್ಕಾರ,

ಕಾರಿಗೆ ಇಂಧನವಾಗುವ ಜಲಜನಕವನ್ನು ನ್ಯಾನೋಟ್ಯೂಬ್, ಅಂದರೆ ಇಂಗಾಲದ ಅತಿ ಸಣ್ಣ ಕೊಳವೆಗಳಲ್ಲಿ ತುಂಬಿಡುವ ಬಗ್ಗೆ ನೀವು ಬರೆದ ‘ನಾಳೆಯ ಕಾರಿಗೆ ಇಂಗಾಲದ ಬುತ್ತಿ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ. ಜಲಜನಕವನ್ನು ಕಾರಿನಲ್ಲಿ ಹೊರುವುದು ಯಾಕೆ ಕಷ್ಟ ಎಂದು ತಿಳಿಸುವ ಪ್ಯಾರಾ ತುಂಬಾ ಚೆನ್ನಾಗಿದೆ. ಒಂದೇ ಕೆ.ಜಿ. ಅನಿಲಕ್ಕೆ 11-12 ಘನ ಮೀಟರ್ ಜಾಗ ಬೇಕು ಅಂದಾಗ ಒಂದು ಸಣ್ಣ ಕೋಣೆಯೇ ಕಣ್ಣಮುಂದೆ ಬಂತು.

ತೊಂದರೆ ಶುರುವಾಗುವುದು ಆಮೇಲೆ. ನ್ಯಾನೋನಾರುಗಳಲ್ಲಿ, ಅಂದರೆ ಇಂಗಾಲದ ಅತಿ ಸಣ್ಣ ಎಳೆಗಳಲ್ಲಿ, ‘ಒಟ್ಟು ತೂಕದ ಶೇ 67ರಷ್ಟು ಜಲಜನಕ ತುಂಬಬಹುದು’ ಎಂದಿದ್ದೀರಿ. 1998ರಲ್ಲಿ ಬಾಸ್ಟನ್‌ನ ನಾರ್ತ್‌ಈಸ್ಟರ್ನ್ ಯೂನಿವರ್ಸಿಟಿಯ ತಂಡ ಹಾಗೆ ಹೇಳಿದ್ದು ನಿಜ. ಆದರೆ ಪೆನ್ಸಿಲ್ ಹಿಡಿದು ಸ್ವಲ್ಪ ಲೆಕ್ಕ ಹಾಕಿ. ಶೇ 67 ಅಂದರೆ ಒಂದು ಗ್ರಾಂ ಇಂಗಾಲಕ್ಕೆ ಎರಡು ಗ್ರಾಂ ಜಲಜನಕ. ಒಂದು ಇಂಗಾಲದ ಪರಮಾಣುವಿಗೆ 24 ಜಲಜನಕದ ಪರಮಾಣು! ಮೀಥೇನ್‌ನಲ್ಲೇ ಇರುವುದು ನಾಲ್ಕು, ಇಂಗಾಲಕ್ಕೆ ಅಂಟುವ ಜಲಜನಕಕ್ಕೆ ಅದೇ ಮಿತಿ, ಅಲ್ವಾ? ಬೇರೆ ಲ್ಯಾಬ್‌ಗಳಿಗೆ ಆ ಫಲಿತಾಂಶ ಸಿಗಲೇ ಇಲ್ಲ.

ನನ್ನನ್ನು ಹಿಡಿದಿಟ್ಟ ಕಥೆ ಇದಾದ ಮೇಲಿನದು. ಅದೇ ನಿಮ್ಮ ಲೇಖನದಲ್ಲಿಲ್ಲ. 1999ರಲ್ಲಿ ಲಿಥಿಯಂ ಬೆರೆಸಿದ ನ್ಯಾನೋಟ್ಯೂಬ್ ಶೇ 20ರಷ್ಟು ಜಲಜನಕ ಹಿಡಿಯಿತು ಎಂಬ ವರದಿ ಬಂತು. ಮರುವರ್ಷ ಪರೀಕ್ಷಿಸಿದಾಗ, ತೂಕ ಹೆಚ್ಚಿದ್ದು ಬಹುಪಾಲು ಅನಿಲದಲ್ಲಿದ್ದ ತೇವದಿಂದ ಅಂತ ಗೊತ್ತಾಯಿತು. ಇನ್ನೊಂದು ಕಡೆ, ನ್ಯಾನೋಟ್ಯೂಬ್‌ಗಳನ್ನು ಕತ್ತರಿಸಲು ಬಳಸಿದ ಅಲ್ಟ್ರಾಸೌಂಡ್ ಕಡ್ಡಿಯಿಂದಲೇ ಟೈಟಾನಿಯಂ ಮಿಶ್ರಲೋಹದ ಪುಡಿ ಉದುರಿತ್ತು. ಜಲಜನಕವನ್ನು ಹಿಡಿದದ್ದು ಆ ಪುಡಿ! ಕೊನೆಗೆ 2006ರಲ್ಲಿ ಅಮೆರಿಕದ ಇಂಧನ ಇಲಾಖೆ, ಕಾರಿನ ಟ್ಯಾಂಕಿಗೆಂದು ನಡೆಸುತ್ತಿದ್ದ ಶುದ್ಧ ಏಕಪದರ ನ್ಯಾನೋಟ್ಯೂಬ್ ಕೆಲಸವನ್ನು ನಿಲ್ಲಿಸಿತು.

ಯಾಕೆ ಆಗಲಿಲ್ಲ ಎಂಬುದನ್ನೂ ಬರೆಯಿರಿ. ಜಲಜನಕದ ಅಣು ಇಂಗಾಲದ ಮೈಗೆ ಅಂಟುವುದು ತೀರಾ ಸಡಿಲವಾಗಿ. ಮೈನಸ್ 196 ಡಿಗ್ರಿಯ ಚಳಿಯಲ್ಲಿ ಒಂದಿಷ್ಟು ನಿಲ್ಲುತ್ತದೆ. ನಮ್ಮ ಮನೆಯ ಬಿಸಿಗೆ ಬಹುಪಾಲು ಜಾರಿಹೋಗುತ್ತದೆ.

‘ಕ್ರಾಂತಿ’ ಎಂಬ ಮಾತು ಒಂದೂ ಬೇಡ. ಜಲಜನಕದಿಂದ ಓಡುವ ಟೊಯೋಟಾ ಮಿರಾಯ್‌ಗೂ ಎರಡು ಸಾಲು ಕೊಡಿ. 2014ರಲ್ಲಿ ಬಂದ ಆ ಕಾರು ಸುಮಾರು ಐದು ಕೆ.ಜಿ. ಜಲಜನಕವನ್ನು ವಾತಾವರಣದ ಸುಮಾರು 700 ಪಟ್ಟು ಒತ್ತಡದಲ್ಲಿ ಹೊರುತ್ತದೆ. ಇಂಗಾಲ ಅಲ್ಲೂ ಇದೆ. ಆದರೆ ಟ್ಯಾಂಕಿನ ಒಳಗಲ್ಲ, ಗೋಡೆಯಲ್ಲಿ, ಕಾರ್ಬನ್ ಫೈಬರ್ ಆಗಿ.

ಆ 24 ಪರಮಾಣುಗಳ ಲೆಕ್ಕದಿಂದಲೇ ಶುರು ಮಾಡಿ, ಮತ್ತೊಮ್ಮೆ ಬರೆದು ಕಳಿಸಿ. ಬಂದ ದಿನವೇ ಓದುತ್ತೇನೆ.