ಹದಿನೈದು ಸಾವಿರ ಅಡಿಯಲ್ಲಿ ತೊಗರಿ ಬೇಳೆ

ಪತ್ರ: ಕಳೆದ ಸಂಚಿಕೆಯಲ್ಲಿ ನಿವೃತ್ತ ಹವಾಲ್ದಾರರೊಬ್ಬರು ಬರೆದ 1999ರ ಕಾರ್ಗಿಲ್ ನೆನಪು ಓದಿದೆ. 15,000 ಮೀಟರ್ ಎತ್ತರದ ಪೋಸ್ಟಿನಲ್ಲಿ ಎರಡು ತಾಸು ಕುದಿಸಿದರೂ ಬೇಳೆ ಬೇಯಲಿಲ್ಲವಂತೆ. ಸ್ವಲ್ಪ ಅತಿಯಾಯಿತಲ್ಲವೇ?
– ಓದುಗರೊಬ್ಬರು, ಕೋಥ್ರೂಡ್, ಪುಣೆ

ಸಂಪಾದಕರ ಉತ್ತರ: 'ಮೀಟರ್' ನಮ್ಮ ಅಚ್ಚಿನ ತಪ್ಪು, ಅದು ಅಡಿ. ಎವರೆಸ್ಟೇ 8,849 ಮೀಟರ್, ಕ್ಷಮಿಸಿ. ಬೇಳೆಯ ಮಾತು ಮಾತ್ರ ನಿಜ.

ಸುಮಾರು 300 ಮೀಟರ್ ಏರಿದರೆ ನೀರು ಒಂದು ಡಿಗ್ರಿ ಮೊದಲೇ ಕುದಿಯುತ್ತದೆ. ಇಲ್ಲಿ ಮುಂಬಯಿಯಲ್ಲಿ 100, ನಿಮ್ಮ ಕೋಥ್ರೂಡಿನಲ್ಲಿ 98, ಕಾರ್ಗಿಲ್ ಬಳಿಯ ದ್ರಾಸ್‌ನಲ್ಲಿ 89ರ ಆಸುಪಾಸು, 15,000 ಅಡಿಯಲ್ಲಿ 85. ಉರಿ ಎಷ್ಟೇ ದೊಡ್ಡದು ಮಾಡಿ, ಕುದಿಯುವ ನೀರು ಅದಕ್ಕಿಂತ ಬಿಸಿಯಾಗದು. ಬರೀ ಆವಿಯಾಗಿ ಹೋಗುತ್ತದೆ. ಅಕ್ಕಿಯ ಪಿಷ್ಟ 70ರ ಹತ್ತಿರವೇ ಅರಳುವುದರಿಂದ ಅನ್ನ ತಡವಾಗಿಯಾದರೂ ಆದೀತು. ಬೇಳೆಯ ಜೀವಕೋಶಗಳನ್ನು ಹಿಡಿದಿಟ್ಟ ಪೆಕ್ಟಿನ್ ಎಂಬ ಅಂಟು ಅಷ್ಟು ಸುಲಭಕ್ಕೆ ಸಡಿಲುವುದಿಲ್ಲ. ಕುದಿಯುತ್ತಿದ್ದರೂ ಬೇಳೆ ಹಲ್ಲಿಗೆ ಕಟಕಟ.

ಕುಕ್ಕರ್ ಇದ್ದರೆ? ಅದರ ಸೀಟಿಯ ತೂಕ ಹೊರಗಿನ ಗಾಳಿಯ ಒತ್ತಡದ ಮೇಲೆ ತನ್ನದನ್ನು ಸೇರಿಸುತ್ತದೆ, ಅಷ್ಟೆ. ಇಲ್ಲಿ ಒಳಗೆ 121 ಡಿಗ್ರಿ, ಅಲ್ಲಿ 112. ಬೇಳೆ ಬೇಯುತ್ತದೆ, ಒಂದೂವರೆ ಪಟ್ಟಿಗೂ ಹೆಚ್ಚು ಹೊತ್ತು ಬೇಕು. ಚಳಿಗೆ ಗ್ಯಾಸ್ಕೆಟ್ ಬಿರುಸಾಗಿ ಪಕ್ಕದಿಂದ ಹಬೆ ಸೋರಿದರೆ ಸೀಟಿಯೇ ಬರದು. ಮೊದಲು ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿಕೊಳ್ಳಬೇಕು.

ಹವಾಲ್ದಾರರು ಬರೆಯದೆ ಬಿಟ್ಟದ್ದೇ ಜಾಸ್ತಿ. ನೀರೆಂದರೆ ಹಿಮ ಕರಗಿಸಿದ್ದು. ಹಗುರ ಹೊಸ ಹಿಮ ಹತ್ತು ಲೀಟರ್ ತುಂಬಿದರೆ ಸಿಗುವುದು ಒಂದು ಲೀಟರ್. ತಳದಲ್ಲಿ ಒಂದು ಲೋಟ ನೀರಿಲ್ಲದೆ ಒಣ ಹಿಮ ಹಾಕಿದರೆ, ಅದರೊಳಗಿನ ಗಾಳಿ ಶಾಖವನ್ನು ಮೇಲೆ ಬಿಡದೆ ಪಾತ್ರೆಯೇ ಸೀಯುತ್ತದೆ. ಪಂಪ್ ಸ್ಟವ್‌ನ ಬರ್ನರ್ ಚೆನ್ನಾಗಿ ಕಾಯುವ ಮೊದಲೇ ಪಂಪು ಹೊಡೆದರೆ ಸೀಮೆಎಣ್ಣೆ ಆವಿಯಾಗದೆ ಹಾಗೇ ಚಿಮ್ಮಿ ಹಳದಿ ಜ್ವಾಲೆ, ಮಸಿ. ಅದೂ ಚಳಿಗೆಂದು ಬಾಯಿ ಮುಚ್ಚಿದ ಬಂಕರಿನೊಳಗೆ! ಹೀಗೆ ಅರೆಬರೆ ಉರಿದಾಗ ಹುಟ್ಟುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ತಲೆನೋವು ಶುರುವಾಯಿತೆಂದರೆ ಸ್ಟವ್ ಆರಿಸಿ ಹೊರಗೆ ಬರಬೇಕು. 20 ಲೀಟರಿನ ಒಂದು ಜೆರ್ರಿಕ್ಯಾನ್ ಸೀಮೆಎಣ್ಣೆಯೇ 16 ಕಿಲೋ, ಮೇಲೆ ಡಬ್ಬಿಯ ಭಾರ. ಕಡಿದಾದ ಕಡೆ ಹೊರುವುದು ಬೆನ್ನಿನ ಮೇಲೆಯೇ. ಎರಡು ತಾಸು ಬೇಳೆ ಕುದಿಸುವುದು ಯಾರಿಗೆ ಪೂರೈಸೀತು?

ಪೂರಿ, ಶಂಕರಪಾಳೆ ಅಲ್ಲಿ ಕೈಹಿಡಿಯುವುದು ಇದಕ್ಕೇ. ಕಾದ ಎಣ್ಣೆಗೆ ಎತ್ತರದ ಹಂಗಿಲ್ಲ. ಕೆಳಗೇ ಕರಿದು ಕಳಿಸಿದರೆ ಮೇಲೆ ಒಲೆಯೂ ಬೇಡ, ಶತ್ರುವಿಗೆ ಕಾಣುವ ಹೊಗೆಯೂ ಇಲ್ಲ.

ಹವಾಲ್ದಾರರ ನೆನಪಿನ ಎರಡನೇ ಕಂತು ಮುಂದಿನ ತಿಂಗಳು. ಅಡಿಯೋ ಮೀಟರೋ ನೋಡಿಯೇ ಅಚ್ಚಿಗೆ ಕಳಿಸುತ್ತೇವೆ.