ಕಲಿಯಬಹುದು, ಆದರೆ ಉದ್ರಿ ಪುಸ್ತಕದಲ್ಲಿ ನಿಮ್ಮ ಹೆಸರು ಬರಬಾರದು

ನಿಮ್ಮ ಪ್ರಶ್ನೆ ಓದಿ ನಗು ಬಂತು, ಜೊತೆಗೆ ಸ್ವಲ್ಪ ಹೊಟ್ಟೆಯೂ ಉರಿಯಿತು. ಕೊಪ್ಪಳದಲ್ಲಿ ಬಿ.ಎ. ಓದ್ತಿದ್ದೀರಿ, ರಾಜ್ಯಶಾಸ್ತ್ರ ತಗೊಂಡಿದ್ದೀರಿ, ಚುನಾವಣಾ ಪ್ರಚಾರಕ್ಕೆ ಹೋದರೆ ರಾಜಕೀಯ ಕಲಿಯಬಹುದಾ, ಹೋಗೋದಾದರೆ ಯಾವ ಪಕ್ಷ ಒಳ್ಳೇದು, ಸರ್ಟಿಫಿಕೇಟ್ ಏನಾದರೂ ಕೊಡ್ತಾರಾ ಅಂತ ಕೇಳಿದ್ದೀರಿ. 2018ರಲ್ಲಿ ನಾನೂ ಇದನ್ನೇ ಕೇಳಿಕೊಂಡು ಓಡಾಡ್ತಿದ್ದೆ. ಊರು ರಾಯಚೂರು ಜಿಲ್ಲೆಯ ಒಂದು ತಾಲೂಕು ಕೇಂದ್ರ. ಯಾವ ತಾಲೂಕು, ಯಾವ ಪಕ್ಷ ಅಂತ ಹೇಳಲ್ಲ. ಅಭ್ಯರ್ಥಿ ಗೆದ್ದರಾ ಸೋತರಾ ಅದನ್ನೂ ಹೇಳಲ್ಲ, ಹೇಳಿದರೆ ಅರ್ಧ ಊರಿಗೆ ನಾನು ಯಾರು ಅಂತ ಗೊತ್ತಾಗುತ್ತೆ.

ಆಗ ನನಗೆ ಹತ್ತೊಂಬತ್ತು. ವಿಧಾನಸಭೆ ಚುನಾವಣೆ. ಏಪ್ರಿಲ್ 27ಕ್ಕೆ ನಾಮಪತ್ರ ವಾಪಸ್ ತಗೊಳ್ಳೋ ದಿನ ಮುಗೀತು, ಮೇ 12ಕ್ಕೆ ಮತದಾನ. ಅಂದರೆ ಹದಿನೈದೇ ದಿನ. ಅದೂ ನಮ್ಮ ಕಡೆಯ ಮೇ ತಿಂಗಳು. ಹನ್ನೊಂದು ಗಂಟೆಗೆ ಬೀದಿನಾಯಿಯೂ ಗಟಾರದ ನೆರಳು ಹುಡುಕುತ್ತೆ. ಬೆಳಗ್ಗೆ ಆರೂವರೆಗೆ ಶುರು, ಹತ್ತೂವರೆಗೆ ಬಂದ್, ಮತ್ತೆ ಸಂಜೆ ಐದರಿಂದ ರಾತ್ರಿ ಹತ್ತು. ನಮ್ಮ ವಾರ್ಡ್ ನೋಡಿಕೊಳ್ತಿದ್ದ ಲೀಡರ್ ಒಬ್ಬರು ಇದ್ದರು, ಎಲ್ಲರೂ ಅಣ್ಣ ಅಂತಿದ್ದರು. ಅವರು ದಿನಾ ಒಂದು ಸಲವಾದರೂ 1999ರ ಬಳ್ಳಾರಿ ಲೋಕಸಭೆ ಚುನಾವಣೆಯ ಕಥೆ ತೆಗೀತಿದ್ದರು. ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಎದುರುಬದುರು ನಿಂತದ್ದು, ಸುಷ್ಮಾ ಕನ್ನಡ ಕಲಿತು ಭಾಷಣ ಮಾಡಿದ್ದು, ಆಗ ಈ ಅಣ್ಣ ಜೀಪಿನ ಮೇಲೆ ಹತ್ತಿ ಕೂತದ್ದು. ನಮ್ಮ ಕಡೆ ಐವತ್ತು ದಾಟಿದ ಯಾವ ಕಾರ್ಯಕರ್ತನನ್ನ ಕೇಳಿದರೂ ಆ ವರ್ಷ ಅವನು ಬಳ್ಳಾರಿಯಲ್ಲಿದ್ದ. ಅವರೆಲ್ಲ ನಿಜವಾಗಿ ಹೋಗಿದ್ದರೆ ಬಳ್ಳಾರಿಯವರಿಗೆ ನಿಲ್ಲೋಕೆ ಜಾಗ ಇರ್ತಿರಲಿಲ್ಲ.

ಒಂದು ವಿಷಯ ಮೊದಲೇ ಹೇಳ್ತೀನಿ. ಅಲ್ಲಿ ಸ್ವಯಂಸೇವಕ ಅನ್ನೋ ಪದವೇ ಇಲ್ಲ. "ನಮ್ಮ ಹುಡುಗರು" ಅಷ್ಟೇ. ಮೊದಲ ಎರಡು ದಿನ ಕುತ್ತಿಗೆಗೆ ಶಾಲು ಹಾಕಿಕೊಂಡು ಕರಪತ್ರ ಹಂಚಿದೆ. ಅದರಲ್ಲಿ ಕಲಿಯೋದು ಏನೂ ಇಲ್ಲ. ಮೂರನೇ ದಿನ ನನ್ನ ಅಕ್ಷರ ದುಂಡಗಿದೆ ಅಂತ ಮತದಾರರ ಪಟ್ಟಿ ಕೈಗೆ ಕೊಟ್ಟರು, ವೋಟರ್ ಸ್ಲಿಪ್ ಬರೆಯೋಕೆ. ಅಲ್ಲಿಂದ ಕಲಿಕೆ ಶುರುವಾಯ್ತು ನೋಡಿ.

ಪಟ್ಟಿ ಅಂದರೆ ಕ್ರಮಸಂಖ್ಯೆ, ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ನಂಬರ್, ವಯಸ್ಸು. ನಮ್ಮ ಬೂತ್‌ನಲ್ಲಿ ಒಂಬೈನೂರು ಚಿಲ್ಲರೆ ಹೆಸರು. ಅದನ್ನ ಹಿಡ್ಕೊಂಡು ಓಣಿಗೆ ಹೋದರೆ ಹತ್ತರಲ್ಲಿ ಎರಡು ಮನೆಗೆ ಬೀಗ. ಪಟ್ಟಿಯಲ್ಲಿ ಆರು ಹೆಸರು, ಮನೆಯಲ್ಲಿ ಒಬ್ಬರೂ ಇಲ್ಲ. ಪಕ್ಕದ ಮನೆ ಅಜ್ಜಿ ಸೆರಗಿನ ತುದಿಗೆ ಆ ಮನೆಯ ಬೀಗದ ಕೈ ಕಟ್ಟಿಕೊಂಡಿದ್ದಳು. "ಗುಳೇ ಹೋಗ್ಯಾರಪ, ಬೆಂಗಳೂರಿಗೆ, ಬಿಲ್ಡಿಂಗ್ ಕೆಲಸಕ್ಕ" ಅಂದಳು. ಆಮೇಲೆ ನನ್ನನ್ನ ಮೇಲೆ ಕೆಳಗೆ ನೋಡಿ, "ನೀ ಯಾರ ಮಗ?" ಅಂದಳು. ಹೇಳಿದೆ. "ಹಂಗಾದ್ರ ನೀ ಯಾಕ ಇವರ ಹಿಂದ ತಿರಗಾಕತ್ತೀದಿ?" ಉತ್ತರ ಇರಲಿಲ್ಲ. ಕರಪತ್ರದಲ್ಲಿ ಹನ್ನೆರಡು ಭರವಸೆ ಇದ್ದವು, ಆಕೆ ಒಂದನ್ನೂ ಕೇಳಲಿಲ್ಲ. ಆ ಓಣಿಯಲ್ಲಿ ನಾನು ಯಾವ ಪಕ್ಷ ಅನ್ನೋದಕ್ಕಿಂತ ಯಾರ ಮಗ ಅನ್ನೋದು ಮೊದಲು. ಗುಳೇ ಹೋದವರನ್ನ ಕರೆಸೋಕೆ ಯಾರು ಫೋನ್ ಮಾಡ್ತಾರೆ, ಬಂದವರು ಯಾರ ಗಾಡಿಯಲ್ಲಿ ಬಂದರು, ಮೇಸ್ತ್ರಿ ಯಾರ ಕಡೆಯವನು, ಇಷ್ಟು ಗೊತ್ತಾದರೆ ಆ ಓಣಿಯ ಅರ್ಧ ರಾಜಕೀಯ ಗೊತ್ತಾದ ಹಾಗೆ. ಪುಸ್ತಕದಲ್ಲಿ ಇದಕ್ಕೆ ಪಾಠ ಇರಲಿಲ್ಲ.

ಈಗ ನಾನು ಮಾಡಿದ ತಪ್ಪಿಗೆ ಬರ್ತೀನಿ. ಉದ್ದ ಆಗುತ್ತೆ, ಓದಿ.

ಪ್ರಚಾರ ಮುಗಿಸಿ ಎಲ್ಲರೂ ಸೇರೋದು ಬಸ್ ಸ್ಟ್ಯಾಂಡ್ ಹಿಂದಿನ ಒಂದು ಚಾ ಹೋಟೆಲ್‌ನಲ್ಲಿ. ಚಾ, ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ, ಅಷ್ಟೇ ಅಲ್ಲಿ ಸಿಗೋದು. ಹೋಟೆಲ್ ಕಾಕಾ ನಮ್ಮಪ್ಪನಿಗೆ ಇಪ್ಪತ್ತು ವರ್ಷದ ಪರಿಚಯ. ಮೊದಲ ದಿನ ಇಪ್ಪತ್ತು ಜನ ಚಾ ಕುಡಿದೆವು. ಅಣ್ಣ ಎದ್ದು ಬೈಕ್ ಹತ್ತುತ್ತಾ, "ತಮ್ಮಾ, ಬರೆಸಿಬಿಡು, ಕೊನೀಗೆ ಒಮ್ಮೆಲೇ ಕೊಡೋಣು" ಅಂದರು. ಕಾಕಾ ಸಾಲದ ಲೆಕ್ಕ ಬರೆಯೋ ಉದ್ರಿ ಪುಸ್ತಕ ತೆಗೆದು ಕಿವಿಯ ಮೇಲಿದ್ದ ಪೆನ್ಸಿಲ್ ತಗೊಂಡು ಕೇಳಿದರು, "ಯಾರ ಹೆಸರಿಗೆ ಬರೀಲಿ?" ನಾನು ಒಂದು ಕ್ಷಣವೂ ಯೋಚನೆ ಮಾಡದೆ ಹೇಳಿದೆ: "ನನ್ನ ಹೆಸರಿಗೇ ಬರೀರಿ ಕಾಕಾ."

ಯಾಕೆ ಹಾಗೆ ಹೇಳಿದೆ? ಇದನ್ನ ಎಷ್ಟೋ ರಾತ್ರಿ ಯೋಚಿಸಿದ್ದೀನಿ. ಒಂದು, ಜಂಬ. ಇಪ್ಪತ್ತು ಜನರಿಗೆ ಚಾ ಕುಡಿಸೋ ಮನುಷ್ಯ ಆದೆನಲ್ಲ ಅನ್ನೋ ಜಂಬ. ಅದುವರೆಗೆ ಆ ಹೋಟೆಲ್‌ನಲ್ಲಿ ನನಗಿದ್ದ ಗುರುತು ಅಪ್ಪನ ಹಿಂದೆ ಬರೋ ಹುಡುಗ ಅಂತ. ಎರಡು, ಅಣ್ಣ ನನ್ನನ್ನೇ ಆರಿಸಿ ಹೇಳಿದರಲ್ಲ, ಅದು ನಂಬಿಕೆ ಅಂದುಕೊಂಡೆ. ಅಲ್ಲಿ ನನಗಿಂತ ಹಳೇ ಹುಡುಗರು ಹತ್ತು ಜನ ಇದ್ದರು. ಅವರ್ಯಾರಿಗೂ ಹೇಳದೆ ಹೊಸದಾಗಿ ಬಂದ ಹುಡುಗನಿಗೆ ಯಾಕೆ ಹೇಳಿದರು ಅಂತ ತಲೆಗೇ ಬರಲಿಲ್ಲ. ಆ ಹಳೇ ಹುಡುಗರು ಬಿಲ್ಲಿನ ಹೊತ್ತಿಗೆ ಸರಿಯಾಗಿ ಫೋನ್ ಕಿವಿಗೆ ಇಟ್ಟುಕೊಂಡು ಹೊರಗೆ ಹೋಗ್ತಿದ್ದರು, ಅದೂ ದಿನಾ. ಅದನ್ನ ನೋಡಿಯೂ ನನಗೆ ಏನೂ ಅನ್ನಿಸಲಿಲ್ಲ.

ನಿಜವಾದ ಕಾರಣ ಗೊತ್ತಾಗಿದ್ದು ಆಮೇಲೆ. ಅಭ್ಯರ್ಥಿ ನಾಮಪತ್ರ ಹಾಕಿದ ದಿನದಿಂದ ಫಲಿತಾಂಶದ ದಿನದವರೆಗೆ ಪ್ರತಿ ಖರ್ಚಿನ ಲೆಕ್ಕ ಇಡಬೇಕು. ಫಲಿತಾಂಶ ಬಂದು 30 ದಿನದೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಅದನ್ನ ಕೊಡಬೇಕು. ಆಗ ವಿಧಾನಸಭೆಗೆ ಮಿತಿ 28 ಲಕ್ಷ ಇತ್ತು, 2022ರಲ್ಲಿ ಅದು 40 ಲಕ್ಷ ಆಯ್ತು. ಚಾ ಎಷ್ಟು, ನಾಷ್ಟಾ ಎಷ್ಟು, ಕುರ್ಚಿ ಬಾಡಿಗೆ ಎಷ್ಟು ಅಂತ ಜಿಲ್ಲೆಯಲ್ಲಿ ದರಪಟ್ಟಿಯನ್ನೂ ಮಾಡ್ತಾರೆ. ಅಂದರೆ ಆ ಹೋಟೆಲ್‌ನಲ್ಲಿ ಅಭ್ಯರ್ಥಿ ಹೆಸರಿಗೋ ಅಣ್ಣನ ಹೆಸರಿಗೋ ಬರೆದರೆ ಆ ಚಾ ಚುನಾವಣಾ ಖರ್ಚು. ನನ್ನ ಹೆಸರಿಗೆ ಬರೆದರೆ? ಕಾಲೇಜು ಹುಡುಗ ಗೆಳೆಯರಿಗೆ ಕುಡಿಸಿದ ಚಾ! ನನ್ನನ್ನ ಆರಿಸಿದ್ದು ಅದಕ್ಕೆ. ನಾನು ಅವರ ಲೆಕ್ಕದಲ್ಲಿ ಎಲ್ಲೂ ಇಲ್ಲದ ಮನುಷ್ಯ.

ಇನ್ನೊಂದಿದೆ, ಕೇಳಿ. ಅಭ್ಯರ್ಥಿ ಬರಹದಲ್ಲಿ ಒಪ್ಪಿಗೆ ಕೊಡದೆ ಅವರ ಗೆಲುವಿಗಾಗಿ ಬೇರೆಯವರು ಖರ್ಚು ಮಾಡೋದು ಅಪರಾಧ. ಆಗ ಇದ್ದ ಭಾರತೀಯ ದಂಡ ಸಂಹಿತೆಯ (ಐಪಿಸಿ) 171ಎಚ್ ಕಲಂ, ದಂಡ 500 ರೂಪಾಯಿವರೆಗೆ. ಒಂದು ವಿನಾಯಿತಿ ಇತ್ತು: ಖರ್ಚು ಹತ್ತು ರೂಪಾಯಿ ಮೀರದಿದ್ದರೆ, ಹತ್ತು ದಿನದೊಳಗೆ ಅಭ್ಯರ್ಥಿಯಿಂದ ಬರಹದಲ್ಲಿ ಒಪ್ಪಿಗೆ ತಗೊಂಡರೆ ಸಾಕು. ಹತ್ತು ರೂಪಾಯಿ ಅಂದರೆ ಆಗಿನ ರೇಟಿನಲ್ಲಿ ಎರಡು ಚಾ. ನಾನು ಮೊದಲ ಸಂಜೆಯೇ ಇಪ್ಪತ್ತು ಚಾ ಬರೆಸಿದ್ದೆ.

ದಿನ ಕಳೆದ ಹಾಗೆ ಜನ ಜಾಸ್ತಿಯಾದರು. ಒಂದು ದಿನದ ಸಾಲು ಈಗಲೂ ನೆನಪಿದೆ: ಚಾ 64, ಒಗ್ಗರಣಿ 22, ಮಿರ್ಚಿ 40. ಒಟ್ಟು 850. ಅದರಲ್ಲಿ ಎಷ್ಟು ಜನ ನಮ್ಮ ಹುಡುಗರು, ಎಷ್ಟು ಜನ ಸುಮ್ನೆ ಬಸ್ಸಿಗೆ ಕಾಯ್ತಿದ್ದವರು ಅಂತ ದೇವರಿಗೇ ಗೊತ್ತು. "ಆ ತಮ್ಮನ ಹೆಸರಿಗೆ ಬರೀರಿ" ಅಂತ ಮುಖ ನೋಡದವರೂ ಹೇಳಿ ಹೋಗ್ತಿದ್ದರು. ನಾನು ಸ್ವಂತಕ್ಕೆ ಒಂದು ನೋಟ್‌ಬುಕ್ಕಿನಲ್ಲೂ ಬರೆದಿಡಲಿಲ್ಲ. ಮತದಾನ ಮುಗಿಯೋ ಹೊತ್ತಿಗೆ 11,740 ರೂಪಾಯಿ.

ಮೇ 15ಕ್ಕೆ ಎಣಿಕೆ ಮುಗೀತು. ವಾರ ಬಿಟ್ಟು ಅಣ್ಣನ ಮನೆಗೆ ಹೋದೆ. ಕಟ್ಟೆ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟರು, ಒಳ್ಳೇ ಮಜ್ಜಿಗೆ. ಲೆಕ್ಕ ಹೇಳಿದೆ. "ಪುಸ್ತಕದಾಗ ನಿನ್ನ ಹೆಸರು ಐತಲ್ಲಪ, ನಾ ಹೆಂಗ ಕೊಡ್ಲಿ?" ಅಂದರು. ಸಿಟ್ಟಿಲ್ಲ, ಏನಿಲ್ಲ, ಮಗುವಿಗೆ ಹೇಳಿದ ಹಾಗೆ. ಮೂರನೇ ಸಲ ಹೋದಾಗ 3,000 ಕೈಗಿಟ್ಟರು. ಆಮೇಲೆ ಅವರು ಮನೆಯಲ್ಲಿ ಸಿಗಲೇ ಇಲ್ಲ.

ಉಳಿದ 8,740 ರೂಪಾಯಿಗೆ ನಾನು ಒಂದು ರೈಸ್ ಮಿಲ್ ಗೇಟಿನಲ್ಲಿ ಚೀಲದ ಲೆಕ್ಕ ಬರೆಯೋ ಕೆಲಸ ಹಿಡಿದೆ. ದಿನಕ್ಕೆ 250. ಮೂವತ್ತೈದು ದಿನ. ದುಡ್ಡಿನದ್ದು ಹೋಗಲಿ ಬಿಡಿ. ಕಾಕಾ ಒಂದು ದಿನವೂ ಕೇಳಲಿಲ್ಲ, ಆದರೆ ಅಪ್ಪ ಆ ಮೂವತ್ತೈದು ದಿನ ಬಸ್ ಸ್ಟ್ಯಾಂಡಿಗೆ ಹೋಗಬೇಕಾದರೆ ಸುತ್ತು ಹಾಕಿ ಮಾರ್ಕೆಟ್ ಕಡೆಯಿಂದ ಹೋಗ್ತಿದ್ದರು. ನನಗೆ ಒಂದು ಮಾತೂ ಅನ್ನಲಿಲ್ಲ. ಲೆಕ್ಕ ಚುಕ್ತಾ ಆದ ದಿನ ಕಾಕಾ ಆ ಎರಡು ಹಾಳೆ ಹರಿದು ಕೊಟ್ಟರು. ಸರ್ಟಿಫಿಕೇಟ್ ಸಿಗುತ್ತಾ ಅಂತ ಕೇಳಿದ್ದಿರಲ್ಲ, ನನಗೆ ಸಿಕ್ಕಿದ್ದು ಅದು.

ಈಗ ನಿಮ್ಮ ಪ್ರಶ್ನೆ. ಯಾವ ಪಕ್ಷ ಅಂತ ಕೇಳಿದ್ದೇ ತಪ್ಪು ಅನ್ನಿಸುತ್ತೆ ನನಗೆ. ನಿಮ್ಮ ಮತ ಯಾರಿಗೆ ಅನ್ನೋದು ಬೇರೆ ಮಾತು, ಅದನ್ನ ನೀವೇ ನೋಡಿಕೊಳ್ಳಿ. ಕಲಿಯೋಕೆ ಹೋಗೋದಾದರೆ ಯಾವ ಬೂತ್ ಅಂತ ಕೇಳಿ. ನೀವು ಇರೋ ಓಣಿಯ ಬೂತ್ ಆದರೆ ಇನ್ನೂ ಒಳ್ಳೇದು. "ಸೋಷಿಯಲ್ ಮೀಡಿಯಾ ನೋಡಿಕೊಳ್ಳಿ, ನೀವು ಓದಿದವರು" ಅಂತಾರೆ. ಒಪ್ಪಬೇಡಿ. ಎಸಿ ರೂಮಿನಲ್ಲಿ ಕೂತು ಅಭ್ಯರ್ಥಿ ಫೋಟೋಗೆ ಹೂವಿನ ಅಂಚು ಹಾಕೋದನ್ನ ಕಲಿಯೋಕೆ ಚುನಾವಣೆ ಯಾಕೆ ಬೇಕು? ಕೆಲವರು ಇದಕ್ಕೆ ಒಪ್ಪಲ್ಲ, ಈಗ ಎಲ್ಲಾ ಮೊಬೈಲಿನಲ್ಲೇ ನಡೆಯೋದು ಅಂತಾರೆ. ಅಂಥವರನ್ನ ಒಂದು ಸಲ ಆ ಅಜ್ಜಿ ಮುಂದೆ ನಿಲ್ಲಿಸಬೇಕು.

ಆಗುವುದಾದರೆ ಮತದಾನದ ದಿನ ಪೋಲಿಂಗ್ ಏಜೆಂಟ್ ಆಗಿ, ಅಂದರೆ ಬೂತ್ ಒಳಗೆ ಅಭ್ಯರ್ಥಿಯ ಪರವಾಗಿ ಕೂರಿ. ಅದೇ ಬೂತಿನ ಮತದಾರರಾಗಿದ್ದರೆ ಸಲೀಸು. ಅಭ್ಯರ್ಥಿಯೋ ಅವರ ಚುನಾವಣಾ ಏಜೆಂಟರೋ 10ನೇ ನಮೂನೆಯಲ್ಲಿ ಸಹಿ ಮಾಡಿ ಕೊಡ್ತಾರೆ. ಬೆಳಗ್ಗೆ ಬೇಗ ಹೋದರೆ ಅಣಕು ಮತದಾನ ನೋಡಬಹುದು, ನಿಜವಾದ ಮತದಾನಕ್ಕೆ ಮುಂಚೆ ಮತಯಂತ್ರ ಸರಿ ಇದೆಯಾ ಅಂತ ಕನಿಷ್ಠ 50 ಮತ ಒತ್ತಿ ಎಣಿಸಿ ತೋರಿಸಿ ಆಮೇಲೆ ಅಳಿಸಿ ಸೀಲ್ ಮಾಡ್ತಾರೆ. ಸಂಜೆ 17ಸಿ ನಮೂನೆಯಲ್ಲಿ ಒಟ್ಟು ಎಷ್ಟು ಮತ ಬಿತ್ತು ಅಂತ ಬರೆದು ಪ್ರತಿ ಕೊಡ್ತಾರೆ, ಇಸ್ಕೊಳ್ಳದೆ ಬರಬೇಡಿ. ಬೀಗ ಹಾಕಿದ್ದ ಆ ಮನೆಯ ಆರು ಜನ ಮಧ್ಯಾಹ್ನ ಮೂರಕ್ಕೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಸಾಲಿನಲ್ಲಿ ನಿಂತಿದ್ದನ್ನ ನಾನು ಅಲ್ಲಿ ಕೂತೇ ನೋಡಿದ್ದು. ಅಜ್ಜಿ ಸೆರಗಿಂದ ಬೀಗದ ಕೈ ಬಿಚ್ಚಿ ಕೊಡ್ತಿದ್ದಳು.

ದುಡ್ಡು ಮುಟ್ಟಬೇಡಿ. ಹಂಚೋ ದುಡ್ಡಂತೂ ಜೈಲಿನ ದಾರಿ, ಅದನ್ನ ಹೇಳಬೇಕಾಗಿಲ್ಲ. ನಾನು ಹೇಳ್ತಿರೋದು ಚಾ ದುಡ್ಡು, ಪೆಟ್ರೋಲ್ ದುಡ್ಡು, ಜೆರಾಕ್ಸ್ ದುಡ್ಡು. "ಬರೆಸಿಬಿಡು" ಅಂದರೆ "ಅಣ್ಣ, ನೀವೇ ಬಂದು ಹೇಳ್ರಿ" ಅನ್ನಿ. ಮುಖ ಸಣ್ಣ ಮಾಡ್ತಾರೆ, ಮಾಡಲಿ.

ಮತ್ತೆ, ಮೊದಲು ನಿಮ್ಮ ಹೆಸರು ಪಟ್ಟಿಯಲ್ಲಿ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ 6ನೇ ನಮೂನೆ ತುಂಬಿ. ನಮ್ಮ ಜೊತೆ ಹದಿನೈದು ದಿನ ಮೈಕ್ ಹಿಡಿದು "ತಪ್ಪದೇ ಮತ ಹಾಕಿ" ಅಂತ ಕೂಗಿದ ಇಬ್ಬರು ಹುಡುಗರ ಹೆಸರು ಪಟ್ಟಿಯಲ್ಲೇ ಇರಲಿಲ್ಲ. ಗೊತ್ತಾಗಿದ್ದು ಮತದಾನದ ದಿನ ಬೆಳಗ್ಗೆ, ಬೂತ್ ಬಾಗಿಲಲ್ಲಿ.